ಫ್ಲೈಓವರ್ ಆದಮೇಲೂ ಅದೇ ಜಾಮ್ ಯಾಕೆ?

ಬೆಂಗಳೂರಿನ ಓದುಗರೊಬ್ಬರ ಪ್ರಶ್ನೆ: "ನಮ್ಮ ಬಡಾವಣೆ ಹತ್ತಿರದ ಜಂಕ್ಷನ್‌ನಲ್ಲಿ ಮೂರು ವರ್ಷ ಧೂಳು ಕುಡಿಸಿ ಫ್ಲೈಓವರ್ ಕಟ್ಟಿದರು. ಒಂದೂವರೆ ವರ್ಷ ಆರಾಮಾಗಿತ್ತು. ಈಗ ಮತ್ತೆ ಮೊದಲಿನ ಹಾಗೇ ಜಾಮ್. ಅದೇ ರಸ್ತೆಯಲ್ಲಿ ಮೆಟ್ರೋ ಬರುತ್ತದೆ ಅಂತ ಈಗ ಮಣ್ಣು ಪರೀಕ್ಷೆ ನಡೀತಿದೆ. ಎಲ್ಲಿ ಸೇತುವೆ, ಎಲ್ಲಿ ಮೆಟ್ರೋ ಅಂತ ಯಾವ ಲೆಕ್ಕದ ಮೇಲೆ ತೀರ್ಮಾನ ಮಾಡುತ್ತಾರೆ? ಇಷ್ಟು ಗಾಡಿ ಬರುತ್ತವೆ ಅಂತ ಹತ್ತು ವರ್ಷ ಮೊದಲೇ ಗೊತ್ತಾಗುವುದಿಲ್ವಾ?"

ಉತ್ತರ:

ಗೊತ್ತಾಗುತ್ತದೆ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ನಿಮ್ಮ ಸಿಟ್ಟು ಇರುವುದು ಅಲ್ಲೇ ಅಂತ ಕಾಣುತ್ತದೆ. ಗಾಡಿ ಜಾಸ್ತಿ ಆಗುತ್ತವೆ ಅನ್ನುವುದು ಯಾವ ಎಂಜಿನಿಯರ್‌ಗೂ ಹೊಸ ಸುದ್ದಿ ಅಲ್ಲ. ತೊಂದರೆ ಆಗುವುದು ನಾವು ಏನನ್ನು ಎಣಿಸುತ್ತೇವೆ ಅನ್ನುವುದರಲ್ಲಿ. ಗಾಡಿ ಎಣಿಸಿದರೆ ಒಂದು ಉತ್ತರ ಬರುತ್ತದೆ, ಜನರನ್ನು ಎಣಿಸಿದರೆ ಬೇರೆಯೇ ಉತ್ತರ. ನಮ್ಮ ಊರುಗಳಲ್ಲಿ ಸೇತುವೆಗೆ ಗಾಡಿ ಎಣಿಸುತ್ತಾರೆ, ಮೆಟ್ರೋಗೆ ಜನರನ್ನು ಎಣಿಸುತ್ತಾರೆ. ಆ ಎರಡು ಲೆಕ್ಕದ ಪುಸ್ತಕಗಳು ಒಂದೇ ಮೇಜಿನ ಮೇಲೆ ಬರುವುದು ಅಪರೂಪ.

ನಾನು ಓದುವಾಗ ಖರ್ಚಿಗೆ ಅಂತ ಗಾಡಿ ಎಣಿಸುವ ಕೆಲಸಕ್ಕೆ ಹೋಗುತ್ತಿದ್ದೆ. ಜಂಕ್ಷನ್ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಕೈಯಲ್ಲಿ ಬರೆಯುವ ರಟ್ಟು, ನಾಲ್ಕು ಗೀಟು ಎಳೆದು ಐದನೆಯದು ಅಡ್ಡ. ಹದಿನೈದು ನಿಮಿಷಕ್ಕೊಂದು ಹಾಳೆ. ಎಡಕ್ಕೆ ತಿರುಗಿದವು, ನೇರ ಹೋದವು, ಬಲಕ್ಕೆ ಹೋದವು, ಎಲ್ಲ ಬೇರೆ ಬೇರೆ. ಈಗ ಕ್ಯಾಮೆರಾ ಇಟ್ಟು ಕಂಪ್ಯೂಟರ್ ಎಣಿಸುತ್ತದೆ, ಆದರೆ ಹಾಳೆಯ ಕಾಲಂಗಳು ಅವೇ. ಹಾಗೆ ಬಂದ ಲೆಕ್ಕವನ್ನೆಲ್ಲ 'ಪಿಸಿಯು' (ಪ್ಯಾಸೆಂಜರ್ ಕಾರ್ ಯೂನಿಟ್, ಅಂದರೆ ಎಷ್ಟು ಕಾರಿಗೆ ಸಮ) ಅನ್ನುವ ಒಂದೇ ಅಳತೆಗೆ ತರುತ್ತಾರೆ. ಒಂದು ಕಾರು ಅಂದರೆ 1. ಬೈಕು, ಸ್ಕೂಟರ್ ಅರ್ಧ ಅಥವಾ ಮುಕ್ಕಾಲು. ಆಟೋ 1.2ರಿಂದ 2. ಬಸ್ಸು, ಲಾರಿ ಅಂದರೆ, ರಸ್ತೆಗಳಿಗೆ ಮಾನದಂಡ ಬರೆಯುವ ಭಾರತೀಯ ರಸ್ತೆ ಕಾಂಗ್ರೆಸ್ ಅನ್ನುವ ಸಂಸ್ಥೆಯ 1990ರ ಸೂಚಿಯ ಪ್ರಕಾರ 2.2ರಿಂದ 3.7. ರಸ್ತೆಯಲ್ಲಿ ಯಾವುದು ಎಷ್ಟು ಜಾಗ ತಿನ್ನುತ್ತದೆ ಅನ್ನುವ ಲೆಕ್ಕ ಇದು, ಅಷ್ಟರಮಟ್ಟಿಗೆ ತಪ್ಪಿಲ್ಲ.

ಆದರೆ ಈ ಕಾಲಂನಲ್ಲಿ ಬಸ್ಸು ಹೇಗೆ ಕಾಣುತ್ತದೆ ನೋಡಿ. 60 ಜನ ನೇತಾಡಿಕೊಂಡು ಬರುವ ಬಿಎಂಟಿಸಿ ಬಸ್ಸು ಮೂರು ಕಾರಿಗೆ ಸಮ. ಆ ಮೂರು ಕಾರಲ್ಲಿ ಇರುವವರು ನಾಲ್ಕೋ ಐದೋ ಜನ. ಹಾಳೆಯ ಮೇಲೆ ಬಸ್ಸು ಒಂದು ತೊಡಕು, ರಸ್ತೆಗೆ ಅಡ್ಡ ನಿಂತ ದೊಡ್ಡ ಪೆಟ್ಟಿಗೆ. 60 ಜನರ ವಿಷಯ ಬರೆಯುವುದಕ್ಕೆ ಅಲ್ಲಿ ಜಾಗವೇ ಇಲ್ಲ. ನಡೆದು ದಾಟುವವರಂತೂ ಬಹಳಷ್ಟು ಸಲ ಆ ಹಾಳೆಗೆ ಬರುವುದೇ ಇಲ್ಲ.

ಈಗ ನಿಮ್ಮ ಫ್ಲೈಓವರ್ ವಿಷಯ. ಒಂದು ಲೇನಿನಲ್ಲಿ ಸಿಗ್ನಲ್ ಪೂರ್ತಿ ಹಸಿರಿದ್ದರೆ ಗಂಟೆಗೆ ಸುಮಾರು 1,800 ಕಾರು ದಾಟಬಹುದು. ಆದರೆ ನಾಲ್ಕು ರಸ್ತೆ ಸೇರುವ ಕಡೆ ನಿಮ್ಮ ಪಾಲಿಗೆ ಹಸಿರು ಸಿಗುವುದು ಮೂರನೇ ಒಂದು ಭಾಗದಷ್ಟು ಹೊತ್ತು. ಅಂದರೆ 600. ಮೇಲೆ ಸೇತುವೆ ಹಾಕಿದ ತಕ್ಷಣ ನೇರ ಹೋಗುವವರಿಗೆ ಯಾವಾಗಲೂ ಹಸಿರು. ಒಂದೇ ಏಟಿಗೆ ಮೂರು ಪಟ್ಟು! ಉದ್ಘಾಟನೆ ಆದ ವಾರ ಎಲ್ಲರೂ ಹೊಗಳುವುದು ಇದಕ್ಕೇ, ಆ ಹೊಗಳಿಕೆ ಸುಳ್ಳೂ ಅಲ್ಲ. ಆದರೆ ಮುಂದಿನ ಸಿಗ್ನಲ್ ಅಲ್ಲೇ ಇದೆಯಲ್ಲ, ಅದಕ್ಕೆ ಇನ್ನೂ 600 ದಾಟಿಸುವ ಶಕ್ತಿಯೇ ಇರುವುದು. ಮೊದಲು ನಿಮ್ಮ ಜಂಕ್ಷನ್ ತಡೆದು ತಡೆದು ಕಳಿಸುತ್ತಿದ್ದ ಗಾಡಿಗಳನ್ನು ಈಗ ಫ್ಲೈಓವರ್ ಒಟ್ಟಿಗೆ ತಂದು ಅದರ ತಲೆ ಮೇಲೆ ಸುರಿಯುತ್ತದೆ. ಸಾಲು ಬೆಳೆಯುತ್ತಾ ಬೆಳೆಯುತ್ತಾ ಇಳಿಜಾರು ಹತ್ತಿ ಫ್ಲೈಓವರ್ ಮೇಲೇ ಬಂದು ನಿಲ್ಲುತ್ತದೆ. ಮೊದಲು ಮರದ ನೆರಳಲ್ಲಿ ನಿಂತಿರುತ್ತಿದ್ದವರು ಈಗ ಬಿಸಿಲಲ್ಲಿ ನಿಂತಿರುತ್ತಾರೆ, ಅಷ್ಟೇ.

ಇದರ ಹಿಂದೆ ಒಂದು ಸಣ್ಣ ಗಣಿತ ಇದೆ. ಕೆಳಗೆ ಲಾರಿ ಹೋಗಲು 5.5 ಮೀಟರ್ ಬಿಡಬೇಕು. ಗರ್ಡರ್ (ಸೇತುವೆ ಹೊರುವ ತೊಲೆ) ದಪ್ಪ ಎರಡು ಮೀಟರ್ ಹಿಡಿಯಿರಿ. ಒಟ್ಟು ಏಳೂವರೆ ಮೀಟರ್ ಹತ್ತಬೇಕು. ತುಂಬಿದ ಬಸ್ಸು ಹತ್ತಬೇಕಾದರೆ 30 ಮೀಟರಿಗೆ ಒಂದು ಮೀಟರ್ ಏರು ಇದ್ದರೆ ಚೆನ್ನ. ಅಂದರೆ ಏರಲು 225 ಮೀಟರ್, ಇಳಿಯಲು 225 ಮೀಟರ್, ನಡುವೆ ಜಂಕ್ಷನ್ ಅಗಲ. ಅರ್ಧ ಕಿಲೋಮೀಟರ್ ಹೋಯಿತು. ಬೆಂಗಳೂರಿನ ಒಳಭಾಗದಲ್ಲಿ ಒಂದು ಸಿಗ್ನಲ್ಲಿಗೂ ಇನ್ನೊಂದಕ್ಕೂ ಎಷ್ಟೋ ಕಡೆ ಅಷ್ಟು ದೂರವೇ ಇಲ್ಲ. ಹಾಗಾಗಿ ಇಳಿಯುವ ಜಾಗ ಮುಂದಿನ ಸಿಗ್ನಲ್ಲಿನ ಸಾಲಿನ ಬಾಲಕ್ಕೇ ಬರುತ್ತದೆ. ಏರು ಇಳುಕಿನ ಪಕ್ಕದಲ್ಲಿ ಉಳಿಯುವ ರಸ್ತೆಯೂ ಕಿರಿದಾಗುತ್ತದೆ. ಅಲ್ಲಿದ್ದ ಬಸ್ ಸ್ಟಾಪ್ ಆಚೆ ಹೋಗುತ್ತದೆ, ಫುಟ್‌ಪಾತ್ ಮಾಯವಾಗುತ್ತದೆ.

ಹೆಬ್ಬಾಳ ಇದಕ್ಕೆ ನಮ್ಮ ಕಣ್ಣೆದುರಿನ ಪಾಠ. ಆ ಫ್ಲೈಓವರ್ ತೆರೆದದ್ದು 2003ರಲ್ಲಿ. ಆವತ್ತಿನ ಗಾಡಿಗಳಿಗೆ ಅದು ದೊಡ್ಡದೇ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿ ಕಡೆಗೆ ಹೋಯಿತು, ಇತ್ತ ಹೊರ ವರ್ತುಲ ರಸ್ತೆಯಲ್ಲಿ ಟೆಕ್ ಪಾರ್ಕುಗಳು ಎದ್ದವು. ಎರಡೂ ಕಡೆಯಿಂದ ಬಂದ ಗಾಡಿಗಳು ಮೇಖ್ರಿ ಸರ್ಕಲ್ ಕಡೆ ಹೋಗಲು ಸೇತುವೆ ಮೇಲಿನ ಕಿರಿದಾದ ಜಾಗದಲ್ಲಿ ಒಂದಾಗಬೇಕು. ಲಾಳಿಕೆಯ ಬಾಯಿ ಎಷ್ಟೇ ಅಗಲ ಇರಲಿ, ಇಳಿಯುವುದು ಕೊಳವೆಯ ಅಳತೆಗೆ ತಾನೇ? 2025ರ ಆಗಸ್ಟಿನಲ್ಲಿ ಅಲ್ಲಿ ಹೊಸ ಲೂಪ್ ತೆರೆದಿದ್ದಾರೆ. ಸದ್ಯಕ್ಕೆ ಅದರಿಂದ ಹಗುರ ಆಗುತ್ತದೆ. ಆದರೆ ಮೇಖ್ರಿ ಸರ್ಕಲ್‌ನಿಂದ ಆಚೆಗೆ ರಸ್ತೆ ಅಷ್ಟೇ ಅಗಲ ಇದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಹಾಗಾದರೆ ನಿಮ್ಮ ಕಡೆ ಒಂದೂವರೆ ವರ್ಷ ಆರಾಮ ಹೇಗೆ ಸಿಕ್ಕಿತು, ಆಮೇಲೆ ಆ ಗಾಡಿಗಳೆಲ್ಲ ಎಲ್ಲಿಂದ ಬಂದವು? ಎಲ್ಲಿಂದಲೂ ಬಂದಿಲ್ಲ, ಅಲ್ಲೇ ಅಡಗಿಕೊಂಡಿದ್ದವು. ಜಾಮ್ ಅಂತ ಬೆಳಿಗ್ಗೆ ಏಳಕ್ಕೇ ಮನೆ ಬಿಡುತ್ತಿದ್ದವರು ಈಗ ಎಂಟೂವರೆಗೆ ಬಿಡುತ್ತಾರೆ. ಗಲ್ಲಿ ಗಲ್ಲಿ ನುಗ್ಗಿ ಹೋಗುತ್ತಿದ್ದವರು ಮುಖ್ಯ ರಸ್ತೆಗೆ ವಾಪಸ್ ಬರುತ್ತಾರೆ. ಬಸ್ಸಲ್ಲಿ ಹೋಗುತ್ತಿದ್ದವರು "ಹೇಗೂ ಫ್ಲೈಓವರ್ ಆಯ್ತಲ್ಲ" ಅಂತ ಸ್ಕೂಟರ್ ತೆಗೆಯುತ್ತಾರೆ. ಆಚೆ ಕಡೆ ಕಡಿಮೆ ಬಾಡಿಗೆಗೆ ಮನೆ ಸಿಗುತ್ತದೆ ಅಂತ ಇನ್ನೂ ನಾಲ್ಕು ಕಿಲೋಮೀಟರ್ ದೂರಕ್ಕೆ ಹೋಗುವವರೂ ಇದ್ದಾರೆ. ಅಮೆರಿಕದ ನಗರಗಳ ದೊಡ್ಡ ಹೆದ್ದಾರಿಗಳ ಲೆಕ್ಕ ಇಟ್ಟುಕೊಂಡು ಡುರಾಂಟನ್ ಮತ್ತು ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2011ರಲ್ಲಿ ಇದನ್ನೇ ತೋರಿಸಿದರು. ರಸ್ತೆ ಶೇ. 10 ಹೆಚ್ಚಿಸಿದರೆ ಗಾಡಿಗಳು ಓಡುವ ಒಟ್ಟು ದೂರವೂ ಹೆಚ್ಚುಕಡಿಮೆ ಶೇ. 10 ಹೆಚ್ಚುತ್ತದೆ. ಸಿಯೋಲ್ ನಗರದವರು ಉಲ್ಟಾ ಮಾಡಿ ನೋಡಿದರು. ಚಿಯೊಂಗ್ಯೆಚಿಯೊನ್ ತೊರೆಯನ್ನು ಮುಚ್ಚಿ ಅದರ ಮೇಲೆ ಹಾಕಿದ್ದ ಎತ್ತರಿಸಿದ ರಸ್ತೆಯನ್ನು 2003ರಲ್ಲಿ ಕೆಡವಲು ಶುರು ಮಾಡಿ, 2005ಕ್ಕೆ ತೊರೆಯನ್ನೇ ವಾಪಸ್ ತಂದರು. ಊರು ನಿಂತುಹೋಗಲಿಲ್ಲ. ಆದರೆ ಅವರು ಸುಮ್ನೆ ಕೆಡವಲಿಲ್ಲ, ಜೊತೆಗೇ ಬಸ್ಸುಗಳಿಗೆ ರಸ್ತೆ ಮಧ್ಯೆ ಬೇರೆ ಲೇನ್ ಕೊಟ್ಟರು. ನಮ್ಮಲ್ಲಿ ಈ ಕಥೆ ಹೇಳುವವರು ಬಸ್ಸಿನ ಭಾಗವನ್ನು ಬಿಟ್ಟೇ ಹೇಳುತ್ತಾರೆ.

ಇನ್ನು ಮೆಟ್ರೋದಂಥ ದೊಡ್ಡ ವ್ಯವಸ್ಥೆಗೆ ಲೆಕ್ಕ ಶುರುವಾಗುವುದು ಜಂಕ್ಷನ್‌ನಲ್ಲಿ ಅಲ್ಲ, ಮನೆ ಬಾಗಿಲಲ್ಲಿ. ಊರನ್ನು ನೂರಾರು ತುಂಡುಗಳಾಗಿ ಮಾಡಿ, ಆಯ್ದ ಮನೆಗಳಿಗೆ ಹೋಗಿ ಕೇಳುತ್ತಾರೆ. ನಿನ್ನೆ ಯಾರು ಯಾರು ಎಲ್ಲಿಗೆ ಹೋದಿರಿ, ಎಷ್ಟು ಹೊತ್ತಿಗೆ, ಯಾವುದರಲ್ಲಿ, ಎಷ್ಟು ಖರ್ಚಾಯಿತು, ಮನೆಯಲ್ಲಿ ಗಾಡಿ ಎಷ್ಟಿವೆ? ಇದರಿಂದ ಒಂದೊಂದು ತುಂಡಿನಿಂದ ಎಷ್ಟು ಓಡಾಟ ಹುಟ್ಟುತ್ತದೆ, ಅದು ಎಲ್ಲಿಗೆ ಹೋಗುತ್ತದೆ, ಅದರಲ್ಲಿ ಎಷ್ಟು ಬಸ್ಸಿಗೆ, ಎಷ್ಟು ಬೈಕಿಗೆ, ಕೊನೆಗೆ ಯಾವ ರಸ್ತೆ ಮೇಲೆ ಬೀಳುತ್ತದೆ ಅಂತ ನಾಲ್ಕು ಮೆಟ್ಟಿಲಲ್ಲಿ ಲೆಕ್ಕ ಹಾಕುತ್ತಾರೆ. ಆಮೇಲೆ ಅದನ್ನು 20-30 ವರ್ಷ ಮುಂದಕ್ಕೆ ಎಳೆಯುತ್ತಾರೆ.

ಈ ಎಳೆಯುವುದರಲ್ಲೇ ಮೋಸಕ್ಕೆ ಜಾಗ ಇರುವುದು. ಹಿಂದೊಮ್ಮೆ ನಾನು ಕೆಲಸ ಮಾಡಿದ ಕಡೆ, ಹೆಸರು ಬೇಡ, ಒಂದು ಸೇತುವೆಯ ವರದಿಯಲ್ಲಿ ಗಾಡಿಗಳು ವರ್ಷಕ್ಕೆ ಶೇ. 5 ಹೆಚ್ಚುತ್ತವೆ ಅಂತ ಬರೆದಿದ್ದೆ. "7 ಮಾಡಿ" ಅಂತ ಮೇಲಿನಿಂದ ಬಂತು. ಎರಡೇ ಎರಡು ಅಂಕಿ, ಏನಾಗುತ್ತದೆ ಅಂತ ಅನ್ನಿಸಬಹುದು. ಇವತ್ತಿನ 10,000 ಗಾಡಿ 20 ವರ್ಷಕ್ಕೆ ಶೇ. 5ರ ಪ್ರಕಾರ 26,500 ಆಗುತ್ತವೆ, ಶೇ. 7ರ ಪ್ರಕಾರ 38,700. ಮೊದಲನೆಯ ಅಂಕಿಗೆ ಸೇತುವೆ ಬೇಕೇ ಅಂತ ಚರ್ಚೆ ಮಾಡಬೇಕು. ಎರಡನೆಯದಕ್ಕೆ ಚರ್ಚೆಯೇ ಇಲ್ಲ, ಆರು ಲೇನ್! ಉತ್ತರ ಮೊದಲೇ ಇತ್ತು, ಲೆಕ್ಕ ಆಮೇಲೆ ಬಂತು. ಮೆಟ್ರೋ ವರದಿಗಳೇನೂ ಸಾಚಾ ಅಂತಲ್ಲ, ಅಲ್ಲಿ ಪ್ರಯಾಣಿಕರ ಸಂಖ್ಯೆ ಉಬ್ಬಿರುತ್ತದೆ. 2017ರ ರಾಷ್ಟ್ರೀಯ ಮೆಟ್ರೋ ರೈಲು ನೀತಿ ಇದಕ್ಕೇ ಒಂದು ಕಡಿವಾಣ ಹಾಕಿತು: ಮೆಟ್ರೋ ಕೇಳುವ ಮೊದಲು ಬಸ್ಸು, ಬಿಆರ್‌ಟಿಎಸ್ (ಬಸ್ಸಿಗೇ ಮೀಸಲು ಲೇನ್ ಇರುವ ವ್ಯವಸ್ಥೆ), ಲೈಟ್ ರೈಲು ಎಲ್ಲದರ ಜೊತೆ ಹೋಲಿಸಿ ತೋರಿಸಬೇಕು, ಸಮಾಜಕ್ಕೆ ಸಿಗುವ ಲಾಭ ವರ್ಷಕ್ಕೆ ಶೇ. 14 ಆದರೂ ಬರಬೇಕು. ಒಳ್ಳೆಯ ನಿಯಮ. ಆದರೆ ಫ್ಲೈಓವರಿಗೆ ಅಂಥ ಹೋಲಿಕೆ ಕೇಳುವವರು ಯಾರೂ ಇಲ್ಲ, ನನಗೆ ಬೇಜಾರು ಅದೇ.

ಜನರನ್ನು ಎಣಿಸಿದಾಗ ಏನಾಗುತ್ತದೆ ನೋಡೋಣ. ಪೀಕ್ ಅವರಿನಲ್ಲಿ, ಜಾಸ್ತಿ ಜನ ಹೋಗುವ ದಿಕ್ಕಿನಲ್ಲಿ, ಒಂದು ಗಂಟೆಗೆ ಎಷ್ಟು ಜನ ಅನ್ನುವುದೇ ಇಲ್ಲಿನ ಮುಖ್ಯ ಅಂಕಿ. ಆರು ಬೋಗಿಯ ನಮ್ಮ ಮೆಟ್ರೋ ರೈಲಲ್ಲಿ 1,500 ಜನ ಹಿಡಿಯುತ್ತಾರೆ ಅಂದುಕೊಳ್ಳಿ, ಒತ್ತಿದರೆ ಇನ್ನೂ ಜಾಸ್ತಿ. ಮೂರು ನಿಮಿಷಕ್ಕೊಂದು ಅಂದರೆ ಗಂಟೆಗೆ 20 ರೈಲು, 30,000 ಜನ. ಇಷ್ಟೇ ಜನರನ್ನು ಕಾರಲ್ಲಿ ಕಳಿಸಬೇಕಾದರೆ? ಸಿಗ್ನಲ್, ಪಾರ್ಕಿಂಗು, ಅಡ್ಡ ಬರುವವರು ಎಲ್ಲ ಇರುವ ನಮ್ಮ ರಸ್ತೆಯಲ್ಲಿ ಒಂದು ಲೇನಿಗೆ 900 ಕಾರು, ಕಾರಿಗೆ ಒಂದೂವರೆ ಜನ, ಒಟ್ಟು 1,350. ಅಂದರೆ ಒಂದೇ ದಿಕ್ಕಿಗೆ 22 ಲೇನ್ ಬೇಕು. ಬೆಂಗಳೂರಲ್ಲಿ ಅಷ್ಟು ಅಗಲದ ರಸ್ತೆ ಮಾಡಲು ಅರ್ಧ ಊರನ್ನೇ ಕೆಡವಬೇಕು.

ಹಾಗಂತ ಎಲ್ಲ ಕಡೆ ಮೆಟ್ರೋ ಬೇಕು ಅಂತಲ್ಲ. ಗಂಟೆಗೆ ನಾಲ್ಕೈದು ಸಾವಿರ ಜನ ಇದ್ದರೆ ನಿಮಿಷಕ್ಕೊಂದು ಬಸ್ಸು ಸಾಕು, ಅದಕ್ಕೆ ಅಡ್ಡ ಬರದ ಹಾಗೆ ಲೇನ್ ಕೊಟ್ಟರಾಯಿತು. ಕೊಲಂಬಿಯಾ ದೇಶದ ಬೊಗೋಟಾ ನಗರ 2000ದಲ್ಲಿ ಶುರು ಮಾಡಿದ ಬಸ್ ವ್ಯವಸ್ಥೆ ಮೆಟ್ರೋಗೆ ಸಮ ಅನ್ನುವಷ್ಟು ಜನರನ್ನು ಹೊತ್ತಿದೆ. ದೆಹಲಿ 2008ರಲ್ಲಿ ಬಸ್ ಲೇನ್ ಮಾಡಿ 2016ರಲ್ಲಿ ಕಿತ್ತುಹಾಕಿತು. ನಮ್ಮಲ್ಲೇ ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿ.ಮೀ. ಉದ್ದಕ್ಕೆ 'ಚಿಗರಿ' ಬಸ್ಸುಗಳು 2018ರ ಅಕ್ಟೋಬರಿನಿಂದ ಓಡುತ್ತಿವೆ. ಅಲ್ಲಿಯ ಜನ ಅದನ್ನು ಬೈಯುವುದನ್ನೂ ಕೇಳಿದ್ದೇನೆ, ಅದರಲ್ಲೇ ದಿನಾ ಓಡಾಡುವುದನ್ನೂ ನೋಡಿದ್ದೇನೆ. ಪಕ್ಕದ ಲೇನಿನಲ್ಲಿ ಸಿಕ್ಕಿಹಾಕಿಕೊಂಡವರಿಗೆ ಖಾಲಿ ಕಾಣುವ ಬಸ್ ಲೇನ್ ಕಂಡರೆ ಹೊಟ್ಟೆ ಉರಿಯುತ್ತದೆ, ಸಹಜ. ಆದರೆ ಜನರನ್ನು ಎಣಿಸಿದರೆ ಖಾಲಿ ಕಾಣುವ ಆ ಲೇನೇ ಜಾಸ್ತಿ ಹೊತ್ತಿರುತ್ತದೆ. ಬೆಂಗಳೂರಲ್ಲೂ 2019ರಲ್ಲಿ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆಆರ್ ಪುರಕ್ಕೆ ಗೂಟ ನೆಟ್ಟು ಬಸ್ ಲೇನ್ ಮಾಡಿದ್ದರು. ಆಮೇಲೆ ಅದೇ ರಸ್ತೆಗೆ ಮೆಟ್ರೋ ಕಾಮಗಾರಿ ಬಂತು, ಲೇನ್ ಹೋಯಿತು. ನನ್ನ ಮಟ್ಟಿಗೆ ಈ ಊರು ಕಳೆದುಕೊಂಡ ಅತಿ ಅಗ್ಗದ ಅವಕಾಶ ಅದು.

ಆ ವರ್ತುಲ ರಸ್ತೆಯೇ ನಿಮ್ಮ "ಹತ್ತು ವರ್ಷ ಮೊದಲೇ" ಅನ್ನುವ ಪ್ರಶ್ನೆಗೆ ನೇರ ಉತ್ತರ. ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಅಂತ ಮಾಡಿದ ರಸ್ತೆ ಅದು. ಅದರ ಎರಡೂ ಪಕ್ಕ ಸಾವಿರಾರು ಜನ ಕೆಲಸ ಮಾಡುವ ಕಟ್ಟಡಗಳಿಗೆ ಒಂದೊಂದಾಗಿ ಅನುಮತಿ ಕೊಟ್ಟರು. ಪ್ರತಿ ಅನುಮತಿಯ ಹಿಂದೆಯೂ ದಿನಕ್ಕೆ ಇಷ್ಟು ಸಾವಿರ ಓಡಾಟ ಅಂತ ಲೆಕ್ಕ ಹಾಕಬಹುದಿತ್ತು. ಆ ಮಾರ್ಗದ ಮೆಟ್ರೋಗೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಕಟ್ಟಡ ಮೊದಲು, ಜಾಮ್ ಆಮೇಲೆ, ರೈಲು ಕೊನೆಗೆ. ಅನುಮತಿ ಕೊಡುವ ಕಚೇರಿ ಒಂದು, ರಸ್ತೆ ಮಾಡುವುದು ಇನ್ನೊಂದು, ಬಸ್ಸು ಮತ್ತೊಂದು, ಮೆಟ್ರೋ ಮಗದೊಂದು. ಇವನ್ನೆಲ್ಲ ಒಂದೇ ಕಡೆ ಕೂರಿಸಲು ಬೆಂಗಳೂರಿಗೆ ಭೂ ಸಾರಿಗೆ ಪ್ರಾಧಿಕಾರದ 2022ರ ಕಾನೂನು ಬಂದಿದೆ. ಹಣದ ಚೀಲದ ದಾರ ಅದರ ಕೈಗೆ ಬರುವ ತನಕ ಅದು ಸಲಹೆ ಕೊಡುವ ಇನ್ನೊಂದು ಕಚೇರಿ ಅಷ್ಟೇ ಅಂತ ನನ್ನ ಅಭಿಪ್ರಾಯ.

ಜೊತೆಗೆ ಕೂತು ಯೋಚಿಸದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಜಯದೇವ ಜಂಕ್ಷನ್ ನೋಡಿ. 2000ದ ದಶಕದಲ್ಲಿ ಕಟ್ಟಿದ ಫ್ಲೈಓವರನ್ನು 2020ರಲ್ಲಿ ಮೆಟ್ರೋಗಾಗಿ ಒಡೆದುಹಾಕಿದರು. ನೂರು ವರ್ಷ ಬಾಳಬೇಕಾದ ಕಾಂಕ್ರೀಟು! ಈಗ ಅಲ್ಲಿ ರಸ್ತೆ, ಮೇಲೆ ಫ್ಲೈಓವರ್, ಅದರ ಮೇಲೆ ಎರಡು ಮೆಟ್ರೋ ಮಾರ್ಗ ಒಂದೇ ರಚನೆಯಲ್ಲಿ ಸೇರಿವೆ. ಇದೇ ಜಂಕ್ಷನ್ ದಾಟಿಕೊಂಡು ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ಗೆ 3.36 ಕಿ.ಮೀ. ಡಬಲ್ ಡೆಕರ್ ಇದೆ, ಒಂದೇ ಕಂಬ, ಕೆಳ ಅಂತಸ್ತಿನಲ್ಲಿ ಗಾಡಿ, ಮೇಲಿನದರಲ್ಲಿ ರೈಲು. 2024ರ ಜುಲೈನಲ್ಲಿ ಅದರ ಒಂದು ಬದಿಯ ರಸ್ತೆ ತೆರೆಯಿತು. ಎರಡು ಸಲ ಅಗೆಯುವುದು ತಪ್ಪುತ್ತದೆ, ಅಷ್ಟರಮಟ್ಟಿಗೆ ಜಾಣತನ. ಆದರೆ ಒಂದು ಅನುಮಾನ ನನಗೆ ಹೋಗಿಲ್ಲ. ಕಾರು ಬಿಟ್ಟು ರೈಲು ಹತ್ತಿ ಅಂತ ಒಂದು ಅಂತಸ್ತು ಕಟ್ಟಿ, ಕಾರಲ್ಲೇ ಬನ್ನಿ ಅಂತ ಅದರ ಕೆಳಗೇ ಇನ್ನೊಂದು ಅಂತಸ್ತು ಕಟ್ಟಿದರೆ ಜನ ಯಾವ ಮಾತು ಕೇಳಬೇಕು?

ಮೆಟ್ರೋ ಬಂದ ಮಾತ್ರಕ್ಕೆ ಎಲ್ಲ ಸರಿ ಹೋಗುತ್ತದೆ ಅಂತಲೂ ಅಂದುಕೊಳ್ಳಬೇಡಿ. 2023ರ ಮಾರ್ಚಿನಲ್ಲಿ ಕೆಆರ್ ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂತು, ಆದರೆ ಕೆಆರ್ ಪುರದಿಂದ ಬೈಯಪ್ಪನಹಳ್ಳಿ ತನಕ ಎರಡು ಕಿಲೋಮೀಟರ್ ಬಾಕಿ ಉಳಿದಿತ್ತು. ಇಳಿದು, ಬಸ್ಸು ಹಿಡಿದು, ಮತ್ತೆ ಹತ್ತಬೇಕು. ಅಕ್ಟೋಬರಿನಲ್ಲಿ ಆ ಎರಡು ಕಿಲೋಮೀಟರ್ ಕೂಡಿಕೊಂಡ ಮೇಲೇ ಆ ಮಾರ್ಗಕ್ಕೆ ಜೀವ ಬಂದದ್ದು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ತೆರೆದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ನಮ್ಮ ಲೆಕ್ಕದಲ್ಲಿ ಕಾಯುವ ಒಂದು ನಿಮಿಷವನ್ನು ಕೂತು ಹೋಗುವ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಹಿಡಿಯುತ್ತೇವೆ, ನಿಂತು ಕಾಯುವವರಿಗೆ ಹಾಗೇ ಅನ್ನಿಸುತ್ತದೆ. ಹಳಿ, ಕಂಬ, ನಿಲ್ದಾಣ ಎಲ್ಲ ಸಿದ್ಧವಿದ್ದು ರೈಲಿಲ್ಲದಿದ್ದರೆ ಮೂರು ನಿಮಿಷಕ್ಕೊಂದು ರೈಲಿಗೆ ಹೋಲಿಸಿದರೆ ಆ ಮಾರ್ಗದ ಶಕ್ತಿ ಎಂಟನೇ ಒಂದು ಪಾಲೂ ಸಿಗುವುದಿಲ್ಲ. ಟಿಕೆಟ್ ದರವೂ ಹಾಗೇ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಸ್ಕೂಟರಿನ ಪೆಟ್ರೋಲಿಗಿಂತ ರೈಲು ದುಬಾರಿ ಆದ ದಿನ ಆ ಸ್ಕೂಟರ್ ನಿಮ್ಮ ಫ್ಲೈಓವರ್ ಮೇಲೆ ಬಂದಿರುತ್ತದೆ.

ಇನ್ನೊಂದು ವಿಷಯವನ್ನು ಯೋಜನೆ ಮಾಡುವವರು ಮರೆಯುತ್ತಾರೆ, ಅದು ರಿಪೇರಿ. ಪೀಣ್ಯ ಫ್ಲೈಓವರ್ 2021ರ ಡಿಸೆಂಬರಿನಲ್ಲಿ ಮುಚ್ಚಿದ್ದು ನೆನಪಿದೆಯಲ್ಲ? ಗರ್ಡರನ್ನು ಒಳಗಿನಿಂದ ಬಿಗಿದು ಹಿಡಿಯುವ ಉಕ್ಕಿನ ಕೇಬಲ್ಲುಗಳಿಗೆ ತುಕ್ಕು ಹಿಡಿದಿತ್ತು. ಕಾರು, ಬೈಕಿಗೆ ಎರಡು ತಿಂಗಳಲ್ಲಿ ಬಿಟ್ಟರು, ಲಾರಿ, ಬಸ್ಸು ಹತ್ತಲು 2024ರ ತನಕ ಕಾಯಬೇಕಾಯಿತು. ರಸ್ತೆಯ ಗುಂಡಿ ಹೊರಗೆ ಕಾಣುತ್ತದೆ, ಈ ತುಕ್ಕು ಕಾಣುವುದಿಲ್ಲ. ಟೆಂಡರಿನಲ್ಲಿ ಕಟ್ಟುವ ಖರ್ಚು ಇರುತ್ತದೆ, 50 ವರ್ಷ ಪರೀಕ್ಷೆ ಮಾಡುವ ಖರ್ಚಿನ ಸುದ್ದಿ ಯಾರೂ ಎತ್ತುವುದಿಲ್ಲ.

ಕೊನೆಗೆ ನಿಮ್ಮ ರಸ್ತೆ. ಮಣ್ಣು ಪರೀಕ್ಷೆ ನಡೆಯುತ್ತಿದೆ ಅಂದರೆ ಕಂಬಗಳು ಎಲ್ಲಿ ಬರಬೇಕು ಅನ್ನುವ ಹಂತಕ್ಕೆ ಬಂದಿದ್ದಾರೆ. ಮಾರ್ಗ ಬದಲಿಸಿ ಅಂತ ಈಗ ಕೇಳಿದರೆ ಬಹುಶಃ ಕೆಲಸ ಆಗುವುದಿಲ್ಲ. ಆದರೆ ನಿಲ್ದಾಣದ ಮೆಟ್ಟಿಲು ನಿಮ್ಮ ಫ್ಲೈಓವರಿನ ಯಾವ ಬದಿಗೆ ಇಳಿಯುತ್ತದೆ, ಬಸ್ ಸ್ಟಾಪ್ ಅದರಿಂದ ಎಷ್ಟು ಹೆಜ್ಜೆ, ರಸ್ತೆ ದಾಟಲು ಜಾಗ ಇದೆಯಾ, ಕೆಲಸ ನಡೆಯುವಷ್ಟು ವರ್ಷ ಬಸ್ಸುಗಳು ಎಲ್ಲಿ ಹೋಗುತ್ತವೆ, ಇವು ಈಗಲೂ ಬದಲಿಸಬಹುದಾದ ವಿಷಯಗಳು. ಡಿಪಿಆರ್ (ಯೋಜನೆಯ ವಿವರವಾದ ವರದಿ) ಪ್ರತಿ ಕೇಳಿ. ಅದರಲ್ಲಿ ನಿಮ್ಮ ನಿಲ್ದಾಣಕ್ಕೆ ಜನ ಹೇಗೆ ಬರುತ್ತಾರೆ ಅಂತ ಬರೆದಿರುವ ಪುಟ ಹುಡುಕಿ. ಸಾಮಾನ್ಯವಾಗಿ ತೆಳ್ಳಗಿರುವ ಪುಟವೇ ಅದು.

ಅದಕ್ಕೆ ಮೊದಲು ಒಂದು ಕೆಲಸ ಮಾಡಿ. ಯಾವುದಾದರೂ ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರು ಹೋಗಿ ಫ್ಲೈಓವರ್ ಇಳಿಯುವ ಕಡೆ ನಿಲ್ಲಿ. ಹದಿನೈದು ನಿಮಿಷ ಒಬ್ಬರು ಗಾಡಿ ಎಣಿಸಿ, ಇನ್ನೊಬ್ಬರು ಗಾಡಿಯೊಳಗಿನ ತಲೆ ಎಣಿಸಿ, ಬಸ್ಸು ಬಂದರೆ ಅಂದಾಜಿಗೆ ಅರ್ಧ ತುಂಬಿದೆ, ಪೂರ್ತಿ ತುಂಬಿದೆ ಅಂತ ಗುರುತು ಹಾಕಿಕೊಳ್ಳಿ. ಎರಡನ್ನೂ ನಾಲ್ಕರಿಂದ ಗುಣಿಸಿ. ಎರಡು ಹಾಳೆಗಳನ್ನೂ ನನಗೆ ಕಳಿಸಿ, ಉಳಿದದ್ದನ್ನು ಆ ಅಂಕಿಗಳನ್ನೇ ಇಟ್ಟುಕೊಂಡು ಮಾತಾಡೋಣ.